ಯಾವ ಸಿಸ್ಟಮ್ ಒಳ್ಳೇದು ಅಂತ ನನ್ನನ್ನು ಕೇಳಬೇಡಿ

ನನ್ನ ಎರಡೂ ಕಿವಿಯಲ್ಲಿ ಹಿಯರಿಂಗ್ ಏಡ್ ಇದೆ. ಸಭಾಂಗಣವೋ ರಂಗಮಂದಿರವೋ ನಡೆಸುವವರ ಕಣ್ಣಿಗೆ ಅದು ಬಿದ್ದರೆ ಸಾಕು, ಪ್ರಶ್ನೆ ಬಂತು ಅಂತಲೇ ಲೆಕ್ಕ: "ಕಿವಿ ಕೇಳದವರಿಗೆ ನಮ್ಮ ಹಾಲ್‌ನಲ್ಲಿ ಏನಾದ್ರೂ ಹಾಕಿಸ್ಬೇಕು ಅಂತಿದ್ದೀವಿ. ಯಾವ ಸಿಸ್ಟಮ್ ಒಳ್ಳೇದು?" ಮೊದಲೆಲ್ಲ ಅರ್ಧ ಗಂಟೆ ಕೂತು ವಿವರಿಸುತ್ತಿದ್ದೆ. ಈಗ ಸಾಕಾಗಿದೆ. ಬರೆದಿಡುತ್ತೇನೆ, ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ "ಏನಾದ್ರೂ". ಕುರ್ಚಿ ಕೊಳ್ಳುವಾಗ ಯಾರಾದರೂ "ಕೂರೋರಿಗೆ ಏನಾದ್ರೂ ಹಾಕಿಸೋಣ" ಅಂತಾರಾ?

ಇನ್ನು ಕೆಲವರದ್ದು ಉಳಿತಾಯದ ಪ್ರಶ್ನೆ. "ಸ್ಪೀಕರ್ ಸೌಂಡ್ ಜಾಸ್ತಿ ಮಾಡಿದ್ರೆ ಸಾಲದಾ?" ಸಾಲದು. ನನಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹೈ ಫ್ರೀಕ್ವೆನ್ಸಿ ಸದ್ದು ಕೇಳಿಸದ ಕಿವಿಯಲ್ಲಿ ವ್ಯಂಜನಗಳು ಉದುರಿಹೋಗುತ್ತವೆ. ಕಾಲು, ಸಾಲು, ಪಾಲು, ಹಾಲು ಎಲ್ಲವೂ ನನಗೆ ಬರೀ "ಆಲು". ಸೌಂಡ್ ಏರಿಸಿದರೆ ದೊಡ್ಡ ಆಲು. ಜೊತೆಗೆ ದೂರ. ಮಾತಾಡುವವರಿಂದ ದೂರ ಎರಡರಷ್ಟಾದಾಗಲೆಲ್ಲ ನೇರವಾಗಿ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ, ಪ್ರತಿಧ್ವನಿ ಹಾಗೇ ಉಳಿಯುತ್ತದೆ. ಫ್ಯಾನ್, ಕೆಮ್ಮು, ಕುರ್ಚಿ ಎಳೆಯುವ ಸದ್ದು ಎಲ್ಲವನ್ನೂ ನನ್ನ ಹಿಯರಿಂಗ್ ಏಡ್ ನಿಷ್ಠೆಯಿಂದ ದೊಡ್ಡದು ಮಾಡಿ ಕೊಡುತ್ತದೆ. ಮೈಕಿನ ದನಿಯನ್ನು ಇದೆಲ್ಲ ದಾಟಿಸಿ ಸೀದಾ ಕಿವಿಗೆ ತರುವುದೇ ನೀವು ಹಾಕಿಸಬೇಕು ಅಂತಿರುವ ಸಿಸ್ಟಮ್‌ನ ಕೆಲಸ.

ನನಗೆ ಇಷ್ಟವಾದದ್ದು ಇಂಡಕ್ಷನ್ ಲೂಪ್. 1937ರಲ್ಲೇ ಪೇಟೆಂಟ್ ಆದ ಹಳೇ ಉಪಾಯ. ಹಾಲ್ ಸುತ್ತ ತಂತಿ ಹಾಸುತ್ತಾರೆ, ಅದರಲ್ಲಿ ಮೈಕಿನ ದನಿ ಹೊತ್ತು ಹರಿಯುವ ಕರೆಂಟಿನಿಂದ ಕಾಂತಕ್ಷೇತ್ರ ಹುಟ್ಟುತ್ತದೆ. ಎಷ್ಟೋ ಹಿಯರಿಂಗ್ ಏಡ್‌ಗಳ ಒಳಗಿರುವ ಟಿ-ಕಾಯಿಲ್ ಅನ್ನುವ ಪುಟ್ಟ ತಂತಿ ಸುರುಳಿ ಅದನ್ನು ಹಿಡಿಯುತ್ತದೆ, ಹಿಯರಿಂಗ್ ಏಡ್ ಅದನ್ನು ಮತ್ತೆ ದನಿ ಮಾಡುತ್ತದೆ. ಕೌಂಟರಿನಲ್ಲಿ ನಿಂತು ದನಿ ಹಿಡಿಯುವ ರಿಸೀವರ್ ಗಿಸೀವರ್ ಏನನ್ನೂ ಬೇಡಬೇಕಿಲ್ಲ. ಆದರೆ ನೆಲದಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಶಕ್ತಿ ಸೋತುಹೋಗುತ್ತದೆ. ಮತ್ತೆ, ಸೋರುತ್ತದೆ.

ಎಷ್ಟು ಸೋರುತ್ತದೆ ಅಂದರೆ, ಒಂದು ಸಂತಾಪ ಸಭೆಗೆ ಹೋಗಿದ್ದೆ. ಕೆಳಗೊಂದು ಹಾಲ್, ಮೇಲೊಂದು ಹಾಲ್, ಎರಡಕ್ಕೂ ಲೂಪ್. ಬಾಗಿಲಲ್ಲಿ ಕಿವಿಯ ಚಿತ್ರ, ಅದರ ಮೂಲೆಯಲ್ಲಿ ಟಿ ಅಕ್ಷರ, ಎಲ್ಲ ಚೆಂದ. ಟಿ-ಕಾಯಿಲ್ ಆನ್ ಮಾಡಿಕೊಂಡು ಕೆಳಗಿನ ಹಾಲ್‌ನಲ್ಲಿ ಕೂತೆ. ವೇದಿಕೆಯ ಮೇಲೆ ಒಬ್ಬರು ಗಂಟಲು ಕಟ್ಟಿಕೊಂಡು "ಇದು ತುಂಬಲಾರದ ನಷ್ಟ" ಅಂದರು. ಹಿಂದೆಯೇ ಇನ್ನೊಂದು ದನಿ, ಅಷ್ಟೇ ಸ್ಪಷ್ಟವಾಗಿ: "ಈ ನಷ್ಟವನ್ನು ಮುಂದಿನ ವರ್ಷದ ಲಾಭದಲ್ಲಿ ಕಳೀಬಹುದು." ಮೇಲೆ ತೆರಿಗೆಯ ಬಗ್ಗೆ ಉಪನ್ಯಾಸ ನಡೆಯುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಕೆಮ್ಮು ಅನ್ನಿಸಲು ನೋಡಿದೆ, ಯಾರೂ ನಂಬಲಿಲ್ಲ. ತೀರಿಹೋದವರ ಮನೆಯವರಿಗೆ ಇವತ್ತಿಗೂ ವಿಷಯ ಏನಂತ ಹೇಳಿಲ್ಲ. ಹೊರಡುವಾಗ ವ್ಯವಸ್ಥಾಪಕರು "ಚೆನ್ನಾಗಿ ಕೇಳಿಸ್ತಾ ಸಾರ್?" ಅಂದರು. "ಎರಡೂ ಕೇಳಿಸ್ತು" ಅಂದೆ.

ತಪ್ಪು ಲೂಪಿನದ್ದಲ್ಲ. ಒಂದರ ಮೇಲೊಂದು ಹಾಲ್ ಇದ್ದರೆ ಸೋರಿಕೆ ತಗ್ಗಿಸುವ ಹಾಗೆ ತಂತಿ ಹಾಸುವ ವಿಧಾನವೇ ಬೇರೆ ಇದೆ. ಅದಾಗದಿದ್ದರೆ ಇನ್‌ಫ್ರಾರೆಡ್. ಅದು ಬೆಳಕು, ಗೋಡೆ ದಾಟುವುದಿಲ್ಲ, ಗುಟ್ಟಿನ ಮಾತು ನಡೆಯುವ ಕಡೆಗೂ ಅದೇ ಸರಿ. ಬಿಸಿಲು ನೇರ ಬೀಳುವ ಕಡೆ ಬೇಡ. ಎಫ್‌ಎಂ ಬಯಲಿಗೆ ಒಳ್ಳೇದು, ಆದರೆ ಗೋಡೆಯಾಚೆಯವರಿಗೂ ಸಿಗುತ್ತದೆ. ವೈಫೈ ಮೂಲಕ ಫೋನಿಗೆ ಕಳಿಸುವುದರಲ್ಲಿ ದನಿ ತಡವಾಗಿ ಬರಬಹುದು. ಅರ್ಧ ಮಾತನ್ನು ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುವ ನನ್ನಂಥವರಿಗೆ ಅದು ಹಿಂಸೆ. ಬ್ಲೂಟೂತ್‌ನ ಆರಾಕಾಸ್ಟ್, ಅಂದರೆ ಒಂದೇ ಕಡೆಯಿಂದ ಎಷ್ಟೋ ಜನರ ಕಿವಿಗೆ ಒಟ್ಟಿಗೆ ದನಿ ಕಳಿಸುವ ವಿಧಾನ, ಚೆನ್ನಾಗಿದೆ, ಆದರೆ ಆ ಹೆಸರು ಬಂದದ್ದೇ 2022ರಲ್ಲಿ. ಹಳೇ ಹಿಯರಿಂಗ್ ಏಡ್‌ಗಳಿಗೆ ಅದು ಗೊತ್ತಿಲ್ಲ. ಅದನ್ನು ನಂಬಿಕೊಂಡು, ಈಗಾಗಲೇ ಇರುವ ಲೂಪ್ ಕಿತ್ತು ಹಾಕಬೇಡಿ. ಇನ್‌ಫ್ರಾರೆಡ್‌ಗೋ ಎಫ್‌ಎಂಗೋ ರಿಸೀವರ್ ಕೊಡುವುದಾದರೆ, ಅದರ ದನಿಯನ್ನು ಟಿ-ಕಾಯಿಲ್‌ಗೆ ದಾಟಿಸುವ, ಕುತ್ತಿಗೆಗೆ ಹಾಕುವ ಲೂಪ್ ಕೂಡ ಇಡಿ. ನನ್ನ ಹಿಯರಿಂಗ್ ಏಡ್ ಬಿಚ್ಚಿಸಿ ಇಯರ್‌ಫೋನ್ ಕೊಡುವುದು, ಕನ್ನಡಕ ಕಿತ್ತುಕೊಂಡು ಭೂತಗನ್ನಡಿ ಕೊಟ್ಟ ಹಾಗೆ.

ಇಷ್ಟೇ ಉತ್ತರ. ನನ್ನನ್ನು ಕೇಳಬೇಕಾದದ್ದು ಬೇರೆ ಇತ್ತು: "ಹಾಕಿಸಿದ ಮೇಲೆ ಯಾಕೆ ಕೇಳಿಸಲ್ಲ?"

ಯಾಕಂದರೆ ಭಾಷಣಕಾರರು ಮೈಕ್ ಪಕ್ಕಕ್ಕೆ ಸರಿಸಿ "ನನ್ನ ದನಿ ಜೋರಿದೆ, ಮೈಕ್ ಬೇಡ" ಅಂತಾರೆ. ಸಭೆ ಚಪ್ಪಾಳೆ ಹೊಡೆಯುತ್ತದೆ, ನನ್ನ ಕಿವಿಯಲ್ಲಿ ಮೌನ. ಮೈಕಿಗೆ ಹೋಗದ ಮಾತು ಯಾವ ಸಿಸ್ಟಮ್‌ಗೂ ಹೋಗುವುದಿಲ್ಲ. ಸಭಿಕರು ಮೈಕ್ ಇಲ್ಲದೆ ಪ್ರಶ್ನೆ ಕೇಳುತ್ತಾರೆ, ನನಗೆ ಉತ್ತರ ಮಾತ್ರ ಸಿಗುತ್ತದೆ. ಯಾಕಂದರೆ ಲೂಪಿನ ಆಂಪ್ಲಿಫೈಯರ್ ಆಫ್ ಆಗಿದೆ, ರಿಸೀವರ್‌ಗಳು ಚಾರ್ಜ್ ಇಲ್ಲದೆ ಬೀರುವಿನಲ್ಲಿವೆ, ಬೀರುವಿನ ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದಾರೆ. ಲೂಪಿಗೆ ಐಇಸಿ 60118-4 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಕಾಂತಕ್ಷೇತ್ರದ ಶಕ್ತಿ ಎಷ್ಟಿರಬೇಕು, ಗುಂಯ್ ಅನ್ನುವ ಹಿನ್ನೆಲೆ ಸದ್ದು ಎಷ್ಟು ಕಡಿಮೆ ಇರಬೇಕು, ಎಲ್ಲ ಅದರಲ್ಲಿದೆ. ಅಳೆದು ತೋರಿಸದೆ ಬಿಲ್ ಕೊಟ್ಟರೆ ದುಡ್ಡು ಕೊಡಬೇಡಿ.

ಅಳೆದಾದ ಮೇಲೆ ನನ್ನನ್ನು ಕರೆಯಿರಿ. ಮುಂದೆ, ಮಧ್ಯೆ, ಹಿಂದಿನ ಮೂಲೆಯಲ್ಲಿ ಕೂತು, ಕೇಳಿ ಹೇಳುತ್ತೇನೆ. ಸುಮ್ನೆ ಬರ್ತೀನಿ, ದುಡ್ಡೇನೂ ಬೇಡ. ಬೀರುವಿನ ಕೀಲಿ ಮಾತ್ರ ಮೊದಲೇ ತರಿಸಿಡಿ.