ಮೂರು ವರ್ಷದ ಮೇಲೆ ಮತ್ತೆ ನೀರು ಕಂಡ ಮೀನಿನ ತೊಟ್ಟಿ

ಅಟ್ಟದ ಮೇಲೆ ಮೂರು ವರ್ಷ ಖಾಲಿ ಬಿದ್ದಿದ್ದ ಎರಡಡಿ ಅಕ್ವೇರಿಯಂ ಅನ್ನು ಕೊನೆಗೂ ಕೆಳಗಿಳಿಸಿದೆ. ಗಾಜಿನ ತುಂಬ ಬಿಳಿ ಕಲೆ. ನಮ್ಮದು ಬೋರ್‌ವೆಲ್ ನೀರು, ಗಡಸು ಜಾಸ್ತಿ, ಆರಿದ ಮೇಲೆ ಸುಣ್ಣದ ಹಾಗೆ ಕೂತುಬಿಡುತ್ತದೆ. ಬಿಳಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಗಾಜಿಗೆ ಅಂಟಿಸಿಟ್ಟು ಆಮೇಲೆ ಉಜ್ಜಿದೆ, ಬಿಟ್ಟಿತು. ಸೋಪು ಮಾತ್ರ ದಯವಿಟ್ಟು ಮುಟ್ಟಬೇಡಿ. ಅದರ ಅಂಶ ಸ್ವಲ್ಪ ಉಳಿದರೂ ಮೀನಿಗೆ ಅಪಾಯ.

ಆಮೇಲೆ ತೊಟ್ಟಿಯನ್ನು ಬಾಲ್ಕನಿಯಲ್ಲಿ ಹಳೇ ಪೇಪರ್ ಮೇಲಿಟ್ಟು, ನೀರು ತುಂಬಿ, 24 ಗಂಟೆ ಕಾದೆ. ಗಾಜುಗಳನ್ನು ಅಂಟಿಸಿರುವ ಸಿಲಿಕಾನ್ ಅಂಟು ಒಣಗಿ ಎಲ್ಲಿ ಬಿಟ್ಟುಕೊಂಡಿದ್ದರೂ ಪೇಪರ್ ಒದ್ದೆಯಾಗಿ ಗೊತ್ತಾಗುತ್ತದೆ. ನಮ್ಮದು ಸೋರಲಿಲ್ಲ, ಎಷ್ಟು ಸಮಾಧಾನ ಆಯಿತು ಅಂದರೆ!

ಆದರೆ ನಿಜವಾದ ಕೆಲಸ ಕಣ್ಣಿಗೆ ಕಾಣುವುದಲ್ಲ. ಫಿಲ್ಟರ್ ಒಣಗಿದಾಗ ಅದರಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತುಹೋಗಿರುತ್ತವೆ. ಮೀನಿನ ಗಲೀಜು, ಉಳಿದ ತಿಂಡಿ ಕೊಳೆತು ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಅವೇ ಅಲ್ವಾ. ಅವು ಮತ್ತೆ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅದಕ್ಕೇ ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕುತ್ತಿದ್ದೇನೆ, ಗೆಳೆಯನ ತೊಟ್ಟಿಯ ಫಿಲ್ಟರ್‌ನಿಂದ ತಂದ, ಆ ಬ್ಯಾಕ್ಟೀರಿಯಾ ಇರುವ ಹಳೇ ಸ್ಪಂಜನ್ನೂ ನಮ್ಮ ಫಿಲ್ಟರ್‌ಗೆ ಸೇರಿಸಿದ್ದೇನೆ.

ಇವತ್ತು ಹನ್ನೆರಡನೇ ದಿನ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ನೈಟ್ರೈಟ್ ಕಾಣಿಸಿದೆ, ಅಂದರೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿವೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ದಿನ ಐದು ಗಪ್ಪಿ ತರುತ್ತೇನೆ. ಮಗಳು ಈಗಲೇ ಹೆಸರು ಇಟ್ಟಾಗಿದೆ.