ಹರಕ ಕುಬಸ

“ಅವೇನ್ ಬಿಡ್ರಿ, ಹರಕ ಕುಬಸ. ಅಡಗಿಮನ್ಯಾಗ ಒರಸಾಕ ಇಟ್ಕೊಂಡೀವಿ.”

ಕುಬಸ ಅಂದರೆ ರವಿಕೆ. ಸೋಮವಾರ ಹುಬ್ಬಳ್ಳಿಯ ಮನೆಯೊಂದರಲ್ಲಿ ಕೇಳಿದ ಈ ಮಾತು ಶುಕ್ರವಾರವಾದರೂ ಕಿವಿ ಬಿಟ್ಟು ಹೋಗಿಲ್ಲ. ಹೇಳಿದಾಕೆ ಬೇಜವಾಬ್ದಾರಿಯವರಲ್ಲ. ಮಂಚದ ಮೇಲೆ ಹಳೇ ಪಂಚೆ ಹಾಸಿ, ಕೈ ತೊಳೆದು ಒರೆಸಿಕೊಂಡು, ಟ್ರಂಕಿನಿಂದ ಆಯಿಯ (ಅಜ್ಜಿಯ) ಸೀರೆಗಳನ್ನು ಮಗುವನ್ನು ಎತ್ತುವ ಹಾಗೆ ಎತ್ತಿಟ್ಟವರು ಅವರೇ. ಅವರ ಅಣ್ಣನಿಗೆ ಬೇಕಿದ್ದದ್ದು ಒಂದೇ ಉತ್ತರ: “ನೂರು ವರ್ಷದ್ದು ಹೌದಲ್ರಿ?” ಹಿಂದಿನ ವಾರ ಹಳೇ ಜರಿ ಕೊಳ್ಳುವವನೊಬ್ಬ ಬಂದು ಒಂದು ಸೀರೆಯ ಮೂಲೆ ಸುಟ್ಟು ನೋಡಿ, ಬೆಲೆ ಹೇಳಿ ಹೋಗಿದ್ದ. ಆವತ್ತಿನಿಂದ ಆ ಅಣ್ಣನ ಕಣ್ಣಿಗೆ ಸೀರೆ ತೂಕವಾಗಿ ಕಾಣತೊಡಗಿತ್ತು. ಅದು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಆದರೂ ಮಾರುವ ಮುಂಚೆ ಹಳೇ ಬಟ್ಟೆಯ ವಯಸ್ಸು ಗುರುತಿಸುವ ಒಬ್ಬರಿಗೆ ತೋರಿಸೋಣ ಎಂದು ನನ್ನನ್ನು ಕರೆಸಿದವರು ಆ ಅಣ್ಣನೇ ಎಂಬುದನ್ನೂ ಹೇಳಬೇಕು.

“ಇವುಗಳ ಜೊತೆ ಕುಬಸ ಇರಲಿಲ್ಲವಾ?” ಎಂದು ಕೇಳಿದ್ದಕ್ಕೆ ಬಂದ ಉತ್ತರ ಆ ಮೊದಲ ಸಾಲು.

ಸೀರೆ ತನ್ನ ವಯಸ್ಸನ್ನು ಮುಚ್ಚಿಡುತ್ತದೆ. ಕತ್ತರಿಸಿ ಹೊಲಿಯದ ಬಟ್ಟೆ ಅದು. ಇಳಕಲ್ ಸೀರೆಯ ತೋಪ ತೆನಿ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಮೈಯ ಹಾಸಿಗೂ (ಉದ್ದಕ್ಕೆ ಓಡುವ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆಗೆ ಎಳೆ ಸಿಕ್ಕಿಸಿದ ಕೊಂಡಿ. ಅಜ್ಜಿಯ ಸೀರೆಯಲ್ಲೂ ಮೊಮ್ಮಗಳ ಸೀರೆಯಲ್ಲೂ ಇವು ಹಾಗೇ ಇರುತ್ತವೆ. ಕುಬಸದ ಮಾತು ಬೇರೆ. ಅದಕ್ಕೆ ಯಾರೋ ಕತ್ತರಿ ಹಾಕಿದ್ದಾರೆ, ದಾರ ಆರಿಸಿದ್ದಾರೆ, ಗುಂಡಿಯನ್ನೋ ಕೊಕ್ಕೆಯನ್ನೋ ಹಚ್ಚಿದ್ದಾರೆ, ಮೈ ದಪ್ಪವಾದಾಗ ಬಿಚ್ಚಿ ಅಗಲ ಮಾಡಿದ್ದಾರೆ. ಒಂದೊಂದಕ್ಕೂ ಒಂದು ಕಾಲವಿದೆ. ಹೀಗಿದ್ದೂ ಮನೆಮನೆಯಲ್ಲಿ ಸೀರೆ ಟ್ರಂಕಿಗೆ ಹೋಗುತ್ತದೆ, ಕುಬಸ ಒಲೆಕಟ್ಟೆಗೆ.

ಅಲ್ಲಿದ್ದ ಕಪ್ಪು ಚಂದ್ರಕಾಳಿ ಸೀರೆಯನ್ನೇ ಹೇಳುತ್ತೇನೆ. ಹದಿನೆಂಟು ಮೊಳದ ಸೀರೆ, ಅಂದರೆ 9 ಗಜ, 8 ಮೀಟರ್ 23 ಸೆಂಟಿಮೀಟರ್. ಟೇಪು ಹಿಡಿದಾಗ ತುಸು ಕಡಿಮೆ ಬಂತು. ಹತ್ತಿ ಮೈ ಒಗೆತಕ್ಕೆ ಕುಗ್ಗುವುದು ಸಹಜ. ಎರಡೂ ತುದಿಯಲ್ಲಿ ಕತ್ತರಿಸಿದ ಗುರುತಿಲ್ಲ. 9 ಗಜದ ಸೀರೆಯನ್ನು 6 ಗಜ ಮಾಡಿ, ಉಳಿದದ್ದರಲ್ಲಿ ಹೆಣ್ಣುಮಕ್ಕಳಿಗೆ ಪರಕಾರ (ಲಂಗ) ಹೊಲಿಸಿದ ಮನೆಗಳು ಬಹಳ, ಹಾಗಾಗಿ ಮೊದಲು ತುದಿ ನೋಡಬೇಕು. ಆಮೇಲೆ ಕಸೂತಿಯನ್ನು ತಿರುವಿ ಹಾಕಿದೆವು. ಕೈಯಲ್ಲಿ ಹಾಕಿದ ಗವಂತಿ ಮತ್ತು ಮುರ್ಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ, ಗಂಟು ಸಿಗುವುದಿಲ್ಲ. ಯಂತ್ರದ ಕಸೂತಿಯ ಬೆನ್ನಿನಲ್ಲಿ ಬಾಬಿನ್ನಿನ ದಾರ ಬೇರೆಯಾಗಿ ಎದ್ದು ತೋರುತ್ತದೆ. ಇದು ಕೈಯದೇ. ಆದರೆ ಕೈ ಕಸೂತಿ ಇಂದಿಗೂ ನಡೆಯುತ್ತದೆ, ಅದರಿಂದ ವರ್ಷ ಹೇಳಲಾಗದು.

ವರ್ಷದ ಸುಳಿವು ಕೊಟ್ಟದ್ದು ಸೆರಗಿನ ತುದಿಯಲ್ಲಿ ತಾನಾಗಿ ಬಿಚ್ಚಿಕೊಂಡಿದ್ದ ಒಂದು ಕೆಂಪು ಎಳೆ. ಬಟ್ಟೆಯಿಂದ ದೂರ ಒಯ್ದು, ಚಿಮಟದಲ್ಲಿ ಹಿಡಿದು, ದೀಪಕ್ಕೆ ತೋರಿಸಬೇಕು. ನಿಜವಾದ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿ. ಹತ್ತಿ ಮತ್ತು ರೇಯಾನ್ ಕಾಗದದ ಹಾಗೆ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಹೊಳಪಿನ ಎಳೆಯಾದರೂ ಕಾಗದದ ಹಾಗೆ ಉರಿಯಿತು. ಅಂದರೆ ನೇಕಾರರು ಚಮಕ ಎನ್ನುವ ಕೃತಕ ರೇಷ್ಮೆ, ರೇಯಾನ್. ಅದು ಹೊರದೇಶದಿಂದ ನಮ್ಮ ಮಗ್ಗಗಳಿಗೆ ಹೇರಳವಾಗಿ ಬರತೊಡಗಿದ್ದು 1920-30ರ ದಶಕಗಳಲ್ಲಿ, ಭಾರತದಲ್ಲೇ ತಯಾರಾಗತೊಡಗಿದ್ದು 1950ರ ಹೊತ್ತಿಗೆ. ನೂರು ವರ್ಷದ ಮಾತು ಅಲ್ಲಿಗೇ ಸಡಿಲವಾಯಿತು. ಅಣ್ಣನ ಮುಖ ಸಣ್ಣದಾಯಿತು.

ಕಾಲದ ಇನ್ನೊಂದು ತುದಿಯನ್ನು ಕಟ್ಟಿಹಾಕಿದ್ದು ಮಡಿಕೆಯೊಳಗಿದ್ದ ಅಂಗಡಿಯ ಚೀಟಿ. ಬೆಲೆಯನ್ನು 22-8-0 ಎಂದು ಬರೆದಿತ್ತು: ರೂಪಾಯಿ, ಆಣೆ, ಪೈ. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು; ಹೀಗೆ ಮೂರು ಭಾಗವಾಗಿ ಬರೆದ ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ಇಂಥ ಚೀಟಿಗಳನ್ನು ದಯವಿಟ್ಟು ಎಸೆಯಬೇಡಿ. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವೆ. ಗಜದ ಬದಲು ಮೀಟರ್ ಇದ್ದರೆ 1962ರ ಆಸುಪಾಸು ಅಥವಾ ಈಚೆ. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಕರ್ನಾಟಕ ರಾಜ್ಯ’ ಎಂದು ಅಚ್ಚಾಗಿದ್ದರೆ 1973ರ ನವೆಂಬರ್ ಈಚಿನದು. ಮೈಸೂರು ರೇಷ್ಮೆಯ ಪೆಟ್ಟಿಗೆ ಮೇಲೆ ಕೆ.ಎಸ್.ಐ.ಸಿ. (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಹೆಸರಿದ್ದರೆ 1980ರಿಂದ ಈಚೆ. ಕಾರ್ಖಾನೆ ಶುರುವಾದದ್ದು 1912ರಲ್ಲೇ ಆದರೂ ನಿಗಮ ಬಂದದ್ದು ಆಮೇಲೆ. ಒಂದು ಎಚ್ಚರಿಕೆ: ಚೀಟಿ ಬೇರೆ ಸೀರೆಯದಾಗಿರಬಹುದು. ಕಾಗದ ಕುಳಿತ ಜಾಗದಲ್ಲಿ ಬಟ್ಟೆಯ ಬಣ್ಣ ಅದೇ ಅಳತೆಯಲ್ಲಿ ಬೇರೆಯಾಗಿ ಉಳಿದಿದ್ದರೆ ಬಹುಕಾಲ ಒಟ್ಟಿಗಿದ್ದವು ಎಂದರ್ಥ. ಇಲ್ಲಿ ಹಾಗೇ ಉಳಿದಿತ್ತು.

ಜರಿ ಸೀರೆಯ ಸುಟ್ಟ ಮೂಲೆ ನೋಡಿ ಹೊಟ್ಟೆ ಉರಿಯಿತು. ಒಂದು ರೂಪಾಯಿ ನಾಣ್ಯದಷ್ಟು ಅಂಚು ಹೋಗಿದೆ. ಜರಿ ಪರೀಕ್ಷೆಗೆ ಬೆಂಕಿ ಬೇಕಿಲ್ಲ. ಹಿಂಬದಿಯಲ್ಲಿ ಬಿಟ್ಟುಹೋದ ಒಂದೆಳೆಯನ್ನು ಭೂತಗನ್ನಡಿಯ ಕೆಳಗೆ ಬಿಚ್ಚಿದರೆ ಸಾಕು. ಅಸಲಿ ಜರಿಯಲ್ಲಿ ರೇಷ್ಮೆ ನೂಲಿಗೆ ಚಪ್ಪಟೆ ಬೆಳ್ಳಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಒಳಗೆ ಕೆಂಪು ಅಥವಾ ಹಳದಿ ರೇಷ್ಮೆ ಕಾಣುತ್ತದೆ. ಉಗುರಿನಿಂದ ಕೆರೆದಾಗ ತಾಮ್ರದ ಕೆಂಪು ಬಂದರೆ ತಾಮ್ರದ ಜರಿ. ಪೊರೆಯ ಹಾಗೆ ಸುಲಿದು ಬಂದರೆ ಪ್ಲಾಸ್ಟಿಕ್ ಜರಿ, ಅದು ಎರಡನೇ ಮಹಾಯುದ್ಧದ ನಂತರದ ಸರಕು. ಬೆಳ್ಳಿ ಕಪ್ಪಾಗುವುದು ದೋಷವಲ್ಲ. ಹುಣಸೆಹುಳಿಯನ್ನೋ ಟೂತ್‌ಪೇಸ್ಟನ್ನೋ ಹಾಕಿ ತಿಕ್ಕುವುದು ದೋಷ: ಚಿನ್ನದ ಲೇಪ ತೀರ ತೆಳು, ಒಂದೇ ಸಲಕ್ಕೆ ಹೋಗಿಬಿಡುತ್ತದೆ.

ಹರಕ ಕುಬಸ ಅಂದರಲ್ಲ. ಆ ಮಾತಿಗೇ ಮತ್ತೆ ಬರುತ್ತೇನೆ. ಹರಿದ ಕುಬಸವೇ ಓದಲು ಸುಲಭ. ಹರಿದಲ್ಲಿ ಒಳಮಡಿಕೆ ತೆರೆದುಕೊಳ್ಳುತ್ತದೆ. ಬಿಸಿಲು, ಬೆವರು, ಸಾಬೂನು ಅಷ್ಟಾಗಿ ತಾಗದ ಅಸಲಿ ಬಣ್ಣ ಅಲ್ಲಿ ಸಿಗುತ್ತದೆ.

ಮುಂದೆ ಗಂಟು ಹಾಕುವ ಗುಳೇದಗುಡ್ಡ ಖಣದ (ಕುಬಸಕ್ಕೆಂದೇ ನೇಯ್ದ ಬಟ್ಟೆಯ) ಕುಬಸ ಕಂಡೊಡನೆ ‘ಬಹಳ ಹಳೇದು’ ಎನ್ನಬಾರದು. ಹೆಣ್ಣುಮಕ್ಕಳು ತಾರುಣ್ಯದಲ್ಲಿ ರೂಢಿಯಾದ ಮಾದರಿಯನ್ನು ಎಪ್ಪತ್ತು ದಾಟಿದರೂ ಬಿಡುವುದಿಲ್ಲ. ಮಾದರಿ ತೊಟ್ಟವಳ ವಯಸ್ಸು ಹೇಳುತ್ತದೆ, ಬಟ್ಟೆಯದಲ್ಲ. ಹೊಲಿಗೆ ಯಂತ್ರದ್ದು ಎಂದಾಕ್ಷಣ ಹೊಸದೂ ಅಲ್ಲ, ಸಿಂಗರ್ ಯಂತ್ರಗಳು ಹತ್ತೊಂಬತ್ತನೇ ಶತಮಾನದಲ್ಲೇ ಭಾರತಕ್ಕೆ ಬಂದಿದ್ದವು. ದಾರ ನೋಡಬೇಕು: ಹತ್ತಿಯೋ, ಕರಗುವ ಪಾಲಿಯೆಸ್ಟರೋ? ಎರಡನೆಯದು ನಮ್ಮಲ್ಲಿ ಬಳಕೆಗೆ ಬಂದದ್ದು 1960ರ ದಶಕದಿಂದೀಚೆ. ಕೊಕ್ಕೆ ಕಿತ್ತುಹೋಗಿದ್ದರೂ ತುಕ್ಕಿನ ಚುಕ್ಕೆ ಉಳಿದಿರುತ್ತದೆ. ಹೊಸ ಗುಂಡಿಯ ಕೆಳಗೆ ಹಳೇ ತೂತು ಇದ್ದರೆ ಗುಂಡಿಯ ಮಾತು ನಂಬಬಾರದು. ನೇರಳಾತೀತ (ಯು.ವಿ.) ಟಾರ್ಚ್ ಬಿಟ್ಟಾಗ ಬಟ್ಟೆ ನೀಲಿಬಿಳಿಯಾಗಿ ಹೊಳೆದರೆ ಹೊಸದು ಎಂದು ಕೆಲವರು ತೀರ್ಪು ಕೊಟ್ಟುಬಿಡುತ್ತಾರೆ. ಸರ್ಫ್ ನಮ್ಮ ಮನೆಗಳಿಗೆ ಬಂದದ್ದು 1959ರಲ್ಲಿ. ಅಂಥ ಪುಡಿಗಳಲ್ಲಿರುವ ಹೊಳಪಿನ ರಸಾಯನ ಹಳೇ ಬಟ್ಟೆಯಲ್ಲೂ ಸೇರಿಕೊಂಡಿರುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಆಕೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಎಣ್ಣೆ ಹಿಡಿದ, ಅರಿಸಿನ ಮೆತ್ತಿದ ಒಂದು ತುಂಡು. ಒಂದು ತೋಳು, ಅದಕ್ಕೆ ಹತ್ತಿದ ಅಂಗೈಯಗಲ ಬಗಲು. ಉಳಿದದ್ದು ಕಸದ ಗಾಡಿಗೆ ಹೋಗಿದೆ. “ತೊಳ್ಕೊಂಡು ಬರ್ಲೇನ್ರಿ?” ಅಂದರು. ಬೇಡ ಅಂದೆ.

ಬಗಲಲ್ಲಿ ಎರಡು ಸಾಲು ಹೊಲಿಗೆ. ಒಳಸಾಲು ಕೈಯದು, ದಪ್ಪ ಹತ್ತಿದಾರ. ಅದನ್ನು ಬಿಚ್ಚಿದ್ದರು, ತೂತಿನ ಸಾಲು ಮತ್ತು ಅಲ್ಲಲ್ಲಿ ಮುರಿದ ದಾರ ಮಾತ್ರ ಉಳಿದಿತ್ತು. ಅದರಿಂದ ಸರಿಯಾಗಿ ಎರಡು ಬೆರಳು ಹೊರಗೆ, ಒಳಮಡಿಕೆಯಲ್ಲಿ ಉಳಿಸಿದ್ದ ಬಟ್ಟೆಯನ್ನು ಬಿಡಿಸಿ, ಯಂತ್ರದ ಹೊಲಿಗೆ. ಆ ದಾರದ ತುಣುಕು ದೀಪಕ್ಕೆ ತಾಗಿದ್ದೇ ಮಣಿಯಾಯಿತು. ಎರಡು ಹೊಲಿಗೆಯ ನಡುವಿನ ಆ ಎರಡು ಬೆರಳಿನಲ್ಲಿ ಖಣದ ಬಣ್ಣ ಕಡುನೇರಳೆ. ಹೊರಗೆಲ್ಲ ಅದು ಮಾಸಿ ಕಂದಾಗಿದೆ. ಮೊದಲು ಕೈಯಲ್ಲಿ ಹೊಲಿದು ಬಹಳ ದಿನ ತೊಟ್ಟು, 60ರ ದಶಕದಲ್ಲೋ ಆಮೇಲೋ ದಪ್ಪ ಮೈಗೆ ಅಗಲ ಮಾಡಿದ್ದಾರೆ. ಅದೇ ಆಯಿ ಇರಬಹುದು, ಇಲ್ಲವೆ ಅವರ ಸೊಸೆ.

“ನಮ್ಮವ್ವ ದಪ್ಪ ಇದ್ಲ್ರಿ,” ಎಂದರು ಆಕೆ, ತೋಳನ್ನು ಮಡಿಲಲ್ಲಿಟ್ಟುಕೊಂಡು. ಅಣ್ಣ ಏನೂ ಅನ್ನಲಿಲ್ಲ. ಸೀರೆಯ ವರ್ಷವನ್ನೂ ಮತ್ತೆ ಕೇಳಲಿಲ್ಲ.

ಆ ತುಂಡನ್ನು ಒಗೆಯದೆ, ಇಸ್ತ್ರಿ ಹಾಕದೆ, ಗಂಜಿ ಇಲ್ಲದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ ಸೀರೆಯ ಪಕ್ಕದಲ್ಲೇ ಇಡಲು ಹೇಳಿದೆ. ಎಣ್ಣೆಗೆ ಹುಳ ಬರದಿರಲಿ ಎಂದು ಅದನ್ನು ಬೇರೆ ಗಂಟಾಗಿಯೇ ಕಟ್ಟಿ, ಪಕ್ಕದಲ್ಲಿ ಒಣಗಿದ ಬೇವಿನೆಲೆಯ ಚೀಲ. ನುಸಿಗುಳಿಗೆ ಜರಿಗೆ ತಾಗಬಾರದು. ಸೀರೆಗಳನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಮಡಿಸಬೇಕು, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಸೀಳುತ್ತವೆ. ಒಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ಅವರೇ ಬರೆದುಕೊಂಡರು: ಆಯಿಯ ಹೆಸರು, ಊರು, ಅದರ ಕೆಳಗೆ ಅವ್ವನ ಹೆಸರು.