47ರಲ್ಲಿ ಒಂದು ಕನ್ನಡಿ

ನಾನು ಟೆಲಿಸ್ಕೋಪಿನ ಕನ್ನಡಿಯೊಂದನ್ನು ಕೈಯಿಂದಲೇ ಮಾಡುತ್ತಿದ್ದೇನೆ. ಅಂದರೆ ಚಪ್ಪಟೆ ಗಾಜಿನ ಬಿಲ್ಲೆಯನ್ನು ಉಜ್ಜಿ ಉಜ್ಜಿ ಕನ್ನಡಿಯಾಗಿಸುವ ಕೆಲಸ. ವಯಸ್ಸು 47, ಉದ್ಯೋಗ ಲೆಕ್ಕಪತ್ರ ನೋಡುವುದು. ವಿಷಯ ತಿಳಿದವರು ಮೊದಲು ಕೇಳುವುದು, "ಇದರಿಂದ ಏನು ಉಪಯೋಗ?" ಆಮೇಲೆ, "ರೆಡಿಮೇಡ್ ಸಿಗಲ್ವಾ?"

ಸಿಗುತ್ತದೆ. ಆದರೆ ಇಂಥ ಕನ್ನಡಿಯನ್ನು ಮನೆಯಲ್ಲೇ ಮಾಡಬಹುದು ಅಂತ ಶಾಲೆಯಲ್ಲಿದ್ದಾಗ ಓದಿದ್ದೆ. ಆಗಿನಿಂದ ನನಗೆ ಬೇಕಾಗಿದ್ದು ಮಾಡುವುದೇ. ಓದು, ಕೆಲಸ, ಮಕ್ಕಳು, ಅಪ್ಪ ಅಮ್ಮನ ಆಸ್ಪತ್ರೆ ಓಡಾಟ, ಎಲ್ಲದರ ನಡುವೆಯೂ ಆ ಆಸೆ ಸುಮ್ನೆ ಒಂದು ಕಡೆ ಕೂತಿತ್ತು.

ಕೆಲಸ ಹೀಗೆ. ಆರು ಇಂಚಿನ ಎರಡು ಗಾಜಿನ ಬಿಲ್ಲೆ ಬೇಕು. ಒಂದನ್ನು ಮೇಜಿನ ಮೇಲೆ ಅಲುಗಾಡದಂತೆ ಕೂರಿಸುತ್ತೇನೆ. ಅದರ ಮೇಲೆ ನೀರು, ಗಾಜನ್ನು ಸವೆಸುವ ಕಾರ್ಬೊರಂಡಮ್ ಅನ್ನುವ ತರಿತರಿ ಪುಡಿ. ಮೇಲಿನ ಬಿಲ್ಲೆಯನ್ನು ಹಿಂದೆ ಮುಂದೆ ತಳ್ಳುವುದು, ಕೊಂಚ ತಿರುಗಿಸುವುದು, ಮೇಜಿನ ಸುತ್ತ ಒಂದು ಹೆಜ್ಜೆ ಸರಿಯುವುದು. ಅಷ್ಟೇ. ಬಿಲ್ಲೆ ಅಂಚು ದಾಟಿದಾಗ ಒತ್ತಡ ಅದರ ನಡುವಿಗೂ ಕೆಳಗಿನದರ ಅಂಚಿಗೂ ಬೀಳುತ್ತದೆ. ಹಾಗಾಗಿ ಮೇಲಿನದು ತಗ್ಗಾಗುತ್ತಾ ಹೋಗುತ್ತದೆ (ಕನ್ನಡಿಯಾಗುವುದು ಇದೇ), ಕೆಳಗಿನದು ಉಬ್ಬುತ್ತದೆ. ಹೇಗೆ ಸರಿಸಿದರೂ ಎಲ್ಲ ಕಡೆ ಒಂದಕ್ಕೊಂದು ತಾಗಿಕೊಂಡೇ ಇರಬೇಕಾದರೆ ಎರಡೂ ಗೋಲದ ತುಣುಕೇ ಆಗಬೇಕು. ಯಾರೂ ಅಳತೆ ಹಾಕದೆ, ಬರೀ ಕೈಯಿಂದ, ಆ ಗೋಲ ತಾನಾಗಿಯೇ ಮೂಡುತ್ತದೆ. ನನಗೆ ಇಂದಿಗೂ ಇದು ಅಚ್ಚರಿಯೇ. ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ನಕ್ಷತ್ರದ ಬೆಳಕು ಕೂಡುವ ಜಾಗಕ್ಕಿರುವ ದೂರ, 48 ಇಂಚು ಬರಬೇಕಾದರೆ ನಡುವಿನ ತಗ್ಗು ಸುಮಾರು 1.2 ಮಿಲಿಮೀಟರ್ ಇದ್ದರೆ ಸಾಕು.

ಹೊಸ ಪುಡಿ ಹಾಕಿದಾಗ ಕರಕರ ಸದ್ದು ಜೋರು. ಕಣಗಳು ಒಡೆದು ಸಣ್ಣದಾದಂತೆ ಸದ್ದು ತಗ್ಗುತ್ತದೆ. ಈಗ ಕಿವಿಯಿಂದಲೇ ಗೊತ್ತಾಗುತ್ತದೆ, ಪುಡಿ ಸವೆದಿದೆ ಅಂತ. ಇನ್ನೂ ನುಣುಪಾದ ಪುಡಿಗೆ ಹೋಗುವ ಮೊದಲು ಮೇಜು, ಬಿಲ್ಲೆ, ಉಗುರಿನ ಸಂದಿ, ತೋಳಿನ ಬಟ್ಟೆ, ಎಲ್ಲವನ್ನೂ ತೊಳೆಯಬೇಕು. ಒಂದೇ ಒಂದು ದಪ್ಪ ಕಣ ಉಳಿದರೂ ಗೀರು ಬೀಳುತ್ತದೆ.

ಇಪ್ಪತ್ತರ ಹರೆಯದಲ್ಲಿ ಇದು ನನ್ನಿಂದ ಆಗುತ್ತಿರಲಿಲ್ಲ. ಆಗ ಎಲ್ಲದರಲ್ಲೂ ಬೇಗ ಫಲ ಕಾಣಬೇಕಿತ್ತು. ಮಕ್ಕಳನ್ನು ಬೆಳೆಸಿದ ಮೇಲೆ, ಕಾಯಿಲೆಯವರ ಪಕ್ಕ ಕೂತೆದ್ದ ಮೇಲೆ, ಇವತ್ತು ಏನೂ ಕಾಣದಿದ್ದರೂ ಕೆಲಸ ನಡೆಯುತ್ತಿರುತ್ತದೆ ಅನ್ನುವ ನಂಬಿಕೆ ಮೈಗೆ ಹತ್ತಿದೆ. ನಡುವಯಸ್ಸು ಕೊಡುವ ದೊಡ್ಡ ಬಲ ಇದೇ ಅನ್ನಿಸುತ್ತದೆ. ಕಳೆದುಕೊಂಡಿದ್ದೂ ಇದೆ. ಓದಲು ಕನ್ನಡಕ ಬೇಕು. ಕತ್ತಲಲ್ಲಿ ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ. ಇರಲಿ, ಆರು ಇಂಚಿನ ಕನ್ನಡಿ ಬರಿಗಣ್ಣಿಗಿಂತ ನೂರಾರು ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತದೆ.

ತಡವಾಗಿ ಶುರು ಮಾಡಿದ್ದು ನಾನೊಬ್ಬಳೇ ಅಲ್ಲ. ಖಗೋಳಜ್ಞ ಅಂತ ಹೆಸರಾದ ವಿಲಿಯಂ ಹರ್ಷೆಲ್ ವೃತ್ತಿಯಿಂದ ಸಂಗೀತಗಾರ. ಕನ್ನಡಿ ಉಜ್ಜಲು ಶುರು ಮಾಡಿದ್ದು ಮೂವತ್ತೈದರ ಆಸುಪಾಸಿನಲ್ಲಿ. 1781ರಲ್ಲಿ ಯುರೇನಸ್ ಗ್ರಹ ಕಂಡಾಗ ವಯಸ್ಸು 42. ಅದು ಕಂಡಿದ್ದು ತಾನೇ ಮಾಡಿದ ಆರು ಇಂಚಿಗಿಂತ ತುಸು ದೊಡ್ಡ ಕನ್ನಡಿಯಲ್ಲಿ. ಅವನದು ಗಾಜಲ್ಲ, ತಾಮ್ರ ತವರದ ಮಿಶ್ರಲೋಹ. ಕೈ ತೆಗೆಯದೆ ಗಂಟೆಗಟ್ಟಲೆ ಉಜ್ಜುತ್ತಿದ್ದ ಅವನ ಬಾಯಿಗೆ ತಂಗಿ ಕ್ಯಾರೊಲಿನ್ ತುತ್ತು ಇಡುತ್ತಿದ್ದಳು. ಮುಂದೆ ಅವಳೇ ಧೂಮಕೇತುಗಳನ್ನು ಹುಡುಕಿದಳು, ಮೊದಲನೆಯದು 1786ರಲ್ಲಿ. ಇನ್ನು ಜಾನ್ ಡಾಬ್ಸನ್. ರಾಮಕೃಷ್ಣ ಪರಂಪರೆಯ ಮಠದಲ್ಲಿ ಸಂನ್ಯಾಸಿಯಾಗಿದ್ದವರು. ಐವತ್ತು ದಾಟಿದ ಮೇಲೆ ಮಠದಿಂದ ಹೊರಬಿದ್ದು, ಅಗ್ಗದ ಸಾಮಾನಿನಲ್ಲಿ ಮಾಡಿದ ಟೆಲಿಸ್ಕೋಪುಗಳನ್ನು ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿಟ್ಟು ದಾರಿಹೋಕರಿಗೆಲ್ಲ ಆಕಾಶ ತೋರಿಸಿದರು.

ಕನಸಿದ್ದರೆ ಕೆಲಸ ಬಿಟ್ಟು ಹೊರಡಿ ಅಂತ ಹೇಳುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ನನ್ನ ಸಂಬಳ ಮನೆ ನಡೆಸುತ್ತದೆ. ಹಾಗಾಗಿ ಈ ಕನ್ನಡಿ ಯಾರ ಹೊಟ್ಟೆಯನ್ನೂ ತುಂಬಿಸಬೇಕಿಲ್ಲ, ಅದಕ್ಕೆ ಬೇಕಾದಷ್ಟು ಸಮಯ ಅದು ತೆಗೆದುಕೊಳ್ಳಬಹುದು. ಆದರೆ ಜಾಗ ಮತ್ತು ಹೊತ್ತನ್ನು ಬಾಯಿಬಿಟ್ಟು ಕೇಳಬೇಕು. ರಾತ್ರಿ ಒಂಬತ್ತರಿಂದ ಹತ್ತು ಈ ಮೇಜು ನನ್ನದು ಅಂತ ಮನೆಯಲ್ಲಿ ಹೇಳಿದೆ. ಎಲ್ಲರೂ ಒಪ್ಪಿದರು. ಇಷ್ಟು ವರ್ಷ ನಾನು ಕೇಳಿರಲೇ ಇಲ್ಲ, ಅಲ್ವಾ?

ಈಗ ಪಿಚ್ (ಟಾರಿನಂಥ ಅಂಟು ಪದಾರ್ಥ) ಮೇಲೆ ಸೀರಿಯಮ್ ಆಕ್ಸೈಡ್ ಅನ್ನುವ ನುಣುಪು ಪುಡಿ ಹಾಕಿ ಪಾಲಿಶ್ ನಡೆದಿದೆ. ಪರೀಕ್ಷೆಗೆ ಫ್ರೆಂಚ್ ವಿಜ್ಞಾನಿ ಫೂಕೋ 1858ರಲ್ಲಿ ಕೊಟ್ಟ ಉಪಾಯ: ಒಂದು ಚುಕ್ಕಿ ಬೆಳಕು, ಒಂದು ಬ್ಲೇಡಿನ ಅಂಚು. ಬೆಳಕು ವಾಪಸ್ ಬಂದು ಕೂಡುವ ಜಾಗದಲ್ಲಿ ಬ್ಲೇಡನ್ನು ಅಡ್ಡ ತಂದರೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನ ಉಬ್ಬು ತಗ್ಗೂ ನೆರಳಾಗಿ ಕಾಣುತ್ತದೆ. ಮಗಳು ಗಾಜಿನ ಮೇಲೆ ಕೊಂಚ ಹೊತ್ತು ಬೆರಳಿಟ್ಟು ತೆಗೆದಳು. ಬೆರಳಿನ ಬಿಸಿಗೆ ಅಲ್ಲೊಂದು ಗುಡ್ಡ ಎದ್ದಿತ್ತು!

"ಅಮ್ಮಾ, ಇದು ಹಾಗೇ ಉಳಿದುಬಿಡುತ್ತಾ?"

"ಇಲ್ಲ ಕಣೇ, ತಣ್ಣಗಾದರೆ ಇಳಿಯುತ್ತೆ."

ಇನ್ನು ಗೋಲವನ್ನು ಪ್ಯಾರಾಬೋಲಾಕ್ಕೆ, ಅಂದರೆ ನಕ್ಷತ್ರದ ಬೆಳಕನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವ ಆಕಾರಕ್ಕೆ, ತಿದ್ದಬೇಕು. ಎಲ್ಲಕ್ಕಿಂತ ಕಷ್ಟದ ಹಂತ ಅದೇ ಅನ್ನುತ್ತಾರೆ. ಆಮೇಲೆ ಅಲ್ಯೂಮಿನಿಯಂ ಲೇಪನಕ್ಕೆ ಕಳಿಸಬೇಕು. ಮುಂದಿನದು ಎಂಟು ಇಂಚಿನದು, ಅದನ್ನು ಮಗಳ ಜೊತೆ ಶುರು ಮಾಡುತ್ತೇನೆ.